ಪ್ರೌಢ ಹಾಸ್ಯ ಮತ್ತು ಕಿಶೋರ ಪ್ರೇಕ್ಷಕ: ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕುರಿತು ಒಂದು ಔಚಿತ್ಯವಿಚಾರ

೧

ಒಂದು ಕೃತಿ ಹದಿಹರೆಯದವರಿಗೆ ತಕ್ಕುದೇ ಅಲ್ಲವೇ ಎಂಬ ಪ್ರಶ್ನೆ ಅಧ್ಯಾಪಕರಿಗೆ ಹೊಸದಲ್ಲ. ಪಠ್ಯಗಳನ್ನು ಗೊತ್ತುಮಾಡುವಾಗ, ಗ್ರಂಥಭಂಡಾರಕ್ಕೆ ಪುಸ್ತಕಗಳನ್ನು ತರಿಸುವಾಗ, ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕವನ್ನು ಆರಿಸುವಾಗ ನಾವು ಈ ಪ್ರಶ್ನೆಯನ್ನು ಹೇಗೋ ಬಗೆಹರಿಸುತ್ತಲೇ ಬಂದಿದ್ದೇವೆ. ಆದರೆ ಯಾವ ಅಳತೆಗೋಲಿನಿಂದ ಬಗೆಹರಿಸುತ್ತೇವೆ ಎಂಬುದನ್ನು ವಿಚಾರಿಸಿದ್ದು ಅಪರೂಪ. ಧಾರಾವಾಹಿಗಳು ಮನೆಯ ನಡುಕೋಣೆಯಿಂದ ವಿದ್ಯಾರ್ಥಿಯ ಅಂಗೈಗೆ ಬಂದಿರುವ ಈ ಕಾಲದಲ್ಲಿ ಆ ವಿಚಾರವನ್ನು ಮುಂದಕ್ಕೆ ಹಾಕುವಂತಿಲ್ಲ.

ಆಟದ ಮೈದಾನವನ್ನು ವಸ್ತುವಾಗಿ ಉಳ್ಳ ಹಾಸ್ಯ ಧಾರಾವಾಹಿಗಳ ವಿಷಯದಲ್ಲಿ ಈ ಪ್ರಶ್ನೆ ವಿಶೇಷವಾಗಿ ತೊಡಕಿನದು. ಆಟವು ಹುಡುಗರ ಸೊತ್ತೆಂದು ಹಿರಿಯರು ಭಾವಿಸುತ್ತಾರೆ. ಹಾಸ್ಯವು ನಿರಪಾಯವೆಂದು ನಂಬುತ್ತಾರೆ. ಇವೆರಡೂ ಕೂಡಿದ ಕಡೆ ಪ್ರೌಢವಾದ ವಸ್ತುವೊಂದು ಇರಬಹುದೆಂಬ ಶಂಕೆಯೇ ಮೊದಲಿಗೆ ಹುಟ್ಟುವುದಿಲ್ಲ. ಹುಟ್ಟಿದಾಗ ಅದು ಬಹುಮಟ್ಟಿಗೆ ಬೈಗುಳ ಎಷ್ಟಿದೆ, ಕುಡಿತ ಎಷ್ಟಿದೆ, ಶೃಂಗಾರ ಎಷ್ಟಿದೆ ಎಂಬ ಎಣಿಕೆಯಲ್ಲಿ ಮುಗಿದುಹೋಗುತ್ತದೆ. ಈ ಎಣಿಕೆ ಬೇಡವೆಂದು ನಾವು ಹೇಳುವುದಿಲ್ಲ. ಅದು ಸಾಲದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಎಲ್ಲರೂ ನಿರಪಾಯವೆಂದು ಒಪ್ಪಿರುವ, ಮೈಸೂರಿನವರೊಬ್ಬರ ಕೃತಿಯನ್ನೇ ಪರೀಕ್ಷೆಗೆ ಆರಿಸಿಕೊಂಡಿದ್ದೇವೆ. ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಮತ್ತು ಅದನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ ದೂರದರ್ಶನದ ಕಂತುಗಳು ಇಲ್ಲಿ ವಿಮರ್ಶೆಯ ವಸ್ತು.

೨

ಮೈಸೂರಿನ ಲಕ್ಷ್ಮೀಪುರಂ ಬಡಾವಣೆ ನಾರಾಯಣರ (೧೯೦೬–೨೦೦೧) ಕುಟುಂಬವು ಬಾಡಿಗೆಯ ಮನೆಯಲ್ಲಿ ಬಹುಕಾಲ ನೆಲಸಿದ್ದ ಸ್ಥಳ. ಇಂದು ವಸ್ತುಸಂಗ್ರಹಾಲಯವಾಗಿರುವ ಯಾದವಗಿರಿಯ ಮನೆ ಆಮೇಲೆ ಕಟ್ಟಿಸಿದುದು. ತಂದೆ ಆರ್. ವಿ. ಕೃಷ್ಣಸ್ವಾಮಿ ಅಯ್ಯರ್ ಅವರು ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಕಿರಿಯ ತಮ್ಮ ಆರ್. ಕೆ. ಲಕ್ಷ್ಮಣ್ (೧೯೨೧–೨೦೧೫) ಮುಂದೆ ವ್ಯಂಗ್ಯಚಿತ್ರಕಾರರಾಗಿ ದೇಶಕ್ಕೆಲ್ಲ ಪರಿಚಿತರಾದವರು. ಬಾಲ್ಯದಲ್ಲಿ ಅವರು ‘ರಫ್ ಅಂಡ್ ಟಫ್ ಅಂಡ್ ಜಾಲಿ’ ಎಂಬ ಕ್ರಿಕೆಟ್ ತಂಡದ ನಾಯಕರು. ತಮ್ಮನ ಈ ಬಗೆಯ ಸಾಹಸಗಳೇ ಅಣ್ಣನ ‘ದೋಡು ದ ಮನಿ ಮೇಕರ್’ ಮತ್ತು ‘ದ ರೀಗಲ್ ಕ್ರಿಕೆಟ್ ಕ್ಲಬ್’ ಎಂಬ ಕಥೆಗಳಿಗೆ ಪ್ರೇರಣೆಯಾದವು. ಹುಡುಗರ ಕ್ರಿಕೆಟ್ಟಿನ ಹಾಸ್ಯವು ನಾರಾಯಣರಿಗೆ ಪುಸ್ತಕದಿಂದ ಬಂದದ್ದಲ್ಲ, ಮನೆಯ ಅಂಗಳದಿಂದ ಬಂದದ್ದು ಎಂಬುದಕ್ಕೆ ಇಷ್ಟು ಸಾಕು.

ಕಾದಂಬರಿಯ ಬರವಣಿಗೆ ೧೯೩೦ರ ವಿಜಯದಶಮಿಯಂದು ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿದ ಮುಹೂರ್ತದಲ್ಲಿ ಆರಂಭವಾಯಿತು. ಗ್ರಹಾಂ ಗ್ರೀನ್ ಅವರ ಶಿಫಾರಸಿನಿಂದ ೧೯೩೫ರಲ್ಲಿ ಲಂಡನ್ನಿನ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಹಸ್ತಪ್ರತಿಗೆ ಲೇಖಕರು ಮೊದಲು ಇಟ್ಟಿದ್ದ ಹೆಸರು ‘ಸ್ವಾಮಿ, ದ ಟೇಟ್’. ಟೇಟ್ ಎಂದರೆ ಇಂಗ್ಲೆಂಡಿನ ಹೆಸರಾಂತ ಬೌಲರ್ ಮಾರಿಸ್ ಟೇಟ್. ಕಥಾನಾಯಕನಾದ ಹುಡುಗನಿಗೆ ಗೆಳೆಯರು ಕೊಟ್ಟ ಬಿರುದು ಅದು. ಗ್ರೀನ್ ಅವರ ಸಲಹೆಯಂತೆ ಹೆಸರು ಬದಲಾಯಿತು. ಹೊಸ ಹೆಸರು ಕೃತಿಗೆ ಒಳಿತನ್ನೇ ಮಾಡಿತು; ಆದರೆ ಆಟವು ಈ ಕಥೆಯ ಒಂದು ಅಲಂಕಾರವಲ್ಲ, ಅದರ ಮುಖ್ಯ ಸೂತ್ರ ಎಂಬ ಅಂಶವನ್ನು ಅದು ಸ್ವಲ್ಪ ಮರೆಮಾಡಿತು.

ದೂರದರ್ಶನದ ‘ಮಾಲ್ಗುಡಿ ಡೇಸ್’ ಮಾಲಿಕೆ ಬಂದದ್ದು ೧೯೮೬ರಲ್ಲಿ. ಟಿ. ಎಸ್. ನರಸಿಂಹನ್ ಅದರ ನಿರ್ಮಾಪಕರು. ಚಿತ್ರೀಕರಣ ನಡೆದುದು ಮುಖ್ಯವಾಗಿ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅಭಿನಯಿಸಿದರು. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಲಕ್ಷ್ಮಣರವು. ಮಾಲಿಕೆಯ ಮೊದಲ ಎಂಟು ಕಂತುಗಳು ಸ್ವಾಮಿಯ ಕಥೆಗೆ ಮೀಸಲಾದವು. ಶಂಕರನಾಗ್ ೧೯೯೦ರಲ್ಲಿ ತೀರಿಕೊಂಡರು; ೨೦೦೬ರಲ್ಲಿ ಕವಿತಾ ಲಂಕೇಶ್ ಇನ್ನೂ ಹದಿನೈದು ಕಂತುಗಳನ್ನು ನಿರ್ದೇಶಿಸಿ ಮಾಲಿಕೆಯನ್ನು ಮುಂದುವರಿಸಿದರು. ಆ ಮುಂದುವರಿದ ಭಾಗ ನಮ್ಮ ವಿಚಾರಕ್ಕೆ ಸೇರಿದುದಲ್ಲ.

೩

ಎಣಿಕೆಯ ಅಳತೆಗೋಲಿಗೆ ಇಂದು ಶಾಸನದ ಬೆಂಬಲವೂ ಇದೆ. ೨೦೨೧ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದ ಮೂಲಕ ಪ್ರಸಾರವಾಗುವ ಧಾರಾವಾಹಿಗಳನ್ನು ಐದು ವರ್ಗಗಳಾಗಿ ವಿಂಗಡಿಸಬೇಕೆಂದು ವಿಧಿಸುತ್ತವೆ: ಯು, ಯು/ಎ ೭+, ಯು/ಎ ೧೩+, ಯು/ಎ ೧೬+ ಮತ್ತು ಎ. ಹದಿಮೂರು ಮತ್ತು ಅದಕ್ಕೆ ಮೇಲ್ಪಟ್ಟ ವರ್ಗಗಳಿಗೆ ತಂದೆತಾಯಿಗಳು ಬೀಗ ಹಾಕುವ ಅನುಕೂಲವಿರಬೇಕು; ಕೊನೆಯ ವರ್ಗಕ್ಕೆ ವಯಸ್ಸಿನ ಪರಿಶೀಲನೆ ಇರಬೇಕು. ೨೦೨೩ರ ತಿದ್ದುಪಡಿಯ ಮೂಲಕ ಚಲನಚಿತ್ರಗಳಿಗೂ ಇಂಥ ವಯೋಭೇದ ಬಂದಿದೆ. ನಿಯಮಗಳು ಸಂದರ್ಭ, ವಸ್ತು, ಧ್ವನಿ, ಪರಿಣಾಮ ಇವುಗಳನ್ನೂ ಗಮನಿಸಬೇಕೆಂದು ಹೇಳುತ್ತವೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ನೋಡುಗನ ಕಣ್ಣಿಗೆ ಬೀಳುವುದು ಪರದೆಯ ಮೂಲೆಯ ಒಂದು ಅಂಕಿ ಮತ್ತು ಹಿಂಸೆ, ಭಾಷೆ ಮುಂತಾದ ಎರಡು ಮೂರು ಪದಗಳು ಮಾತ್ರ. ಧ್ವನಿಯನ್ನು ಅಂಕಿಯಲ್ಲಿ ಬರೆಯಲು ಬಾರದು.

ಈ ಅಳತೆಗೋಲಿನಿಂದ ಎರಡು ಕೃತಿಗಳನ್ನು ಅಳೆದು ನೋಡೋಣ. ಅಮೆರಿಕದ ‘ಟೆಡ್ ಲಾಸೊ’ ೨೦೨೦ರಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ; ಅದರ ಮೊದಲ ಮೂರು ಸರಣಿಗಳು ೨೦೨೩ರ ವರೆಗೆ ಬಂದವು. ಕಾಲ್ಚೆಂಡಿನ ಗಂಧವಿಲ್ಲದ ಅಮೆರಿಕನ್ ತರಬೇತುಗಾರನೊಬ್ಬನನ್ನು ಇಂಗ್ಲೆಂಡಿನ ತಂಡವೊಂದಕ್ಕೆ ನೇಮಿಸಲಾಗುತ್ತದೆ. ನೇಮಿಸಿದ ಒಡತಿಯ ಉದ್ದೇಶ ತಂಡವನ್ನು ಕೆಡಿಸಿ, ತನ್ನ ಮಾಜಿ ಗಂಡನ ಮೇಲೆ ಸೇಡು ತೀರಿಸಿಕೊಳ್ಳುವುದು. ಬೈಗುಳ ಹೇರಳ, ವಿವಾಹವಿಚ್ಛೇದನ ಉಂಟು, ಮದ್ಯಪಾನ ಉಂಟು, ಸ್ತ್ರೀಪುರುಷ ಸಂಬಂಧದ ಬಿಚ್ಚುಮಾತು ಉಂಟು. ಆ ದೇಶದಲ್ಲಿ ಅದಕ್ಕೆ ಕೊಟ್ಟಿರುವುದು ವಯಸ್ಕರಿಗೆ ಮೀಸಲಾದ ಗುರುತು. ಇತ್ತ ಸ್ವಾಮಿಯ ಕಥೆಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಎಣಿಕೆಯ ಪ್ರಕಾರ ಮೊದಲನೆಯದು ಹುಡುಗರಿಗೆ ನಿಷಿದ್ಧ, ಎರಡನೆಯದು ಏಳು ವರ್ಷದ ಮಗುವಿಗೂ ಮುಕ್ತ.

ಆದರೆ ಸ್ವಾಮಿಯ ಕಥೆಯಲ್ಲಿ ಏನಿದೆ ಎಂಬುದನ್ನು ಒಮ್ಮೆ ಪಟ್ಟಿಮಾಡಿದರೆ ಈ ತೀರ್ಪು ಅಲುಗಾಡುತ್ತದೆ. ಮಿಷನ್ ಶಾಲೆಯ ಉಪಾಧ್ಯಾಯನೊಬ್ಬ ಹುಡುಗರ ದೇವರುಗಳನ್ನು ತರಗತಿಯಲ್ಲೇ ಹಳಿಯುತ್ತಾನೆ. ಮರುಪ್ರಶ್ನೆ ಕೇಳಿದ ಹುಡುಗನ ಕಿವಿ ಹಿಂಡುತ್ತಾನೆ. ಇಬ್ಬರು ಮುಖ್ಯೋಪಾಧ್ಯಾಯರು ಬೆತ್ತ ಹಿಡಿಯುತ್ತಾರೆ. ರಾಜಕೀಯ ಮುಷ್ಕರದಲ್ಲಿ ಪೊಲೀಸರು ಜನರ ಮೇಲೆ ಲಾಠಿ ಬೀಸುತ್ತಾರೆ. ಅಪ್ಪಣೆ ಕೊಟ್ಟವನು ನಾಯಕನ ಆಪ್ತಮಿತ್ರನ ತಂದೆ. ಹುಡುಗ ಶಾಲೆಯ ಕಿಟಕಿಯ ಗಾಜುಗಳನ್ನು ಒಡೆಯುತ್ತಾನೆ. ಕೊನೆಗೆ ಮನೆ ಬಿಟ್ಟು ಓಡಿಹೋಗಿ ಕಾಡಿನಲ್ಲಿ ದಾರಿತಪ್ಪಿ ಮೂರ್ಛೆ ಬೀಳುತ್ತಾನೆ. ಇಷ್ಟನ್ನು ಒಳಗೊಂಡ ಕೃತಿಯನ್ನು ನಾವು ಮಕ್ಕಳ ಕಥೆಯೆಂದು ಕರೆಯುತ್ತ ಬಂದಿರುವುದು ಏಕೆ? ಬೈಗುಳವಿಲ್ಲ ಎಂಬುದರ ಹೊರತು ಬೇರೆ ಕಾರಣ ನಮಗೆ ತೋರುವುದಿಲ್ಲ.

೪

ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಔಚಿತ್ಯ’ವೆಂಬ ಮಾತು ಕೇವಲ ಸಭ್ಯತೆಯನ್ನು ಸೂಚಿಸುವುದಿಲ್ಲ. ಆನಂದವರ್ಧನನು ರಸಭಂಗಕ್ಕೆ ಅನೌಚಿತ್ಯವನ್ನೇ ಮುಖ್ಯ ಕಾರಣವಾಗಿ ಹೇಳಿದನು; ಹನ್ನೊಂದನೆಯ ಶತಮಾನದಲ್ಲಿ ಕ್ಷೇಮೇಂದ್ರನು ಆ ತತ್ತ್ವವನ್ನು ವಿಸ್ತರಿಸಿ ಒಂದು ಗ್ರಂಥವನ್ನೇ ರಚಿಸಿದನು. ಯಾವುದು ಯಾವುದಕ್ಕೆ ಒಪ್ಪುವುದೋ ಅದು ಉಚಿತ. ವಸ್ತುವು ತಾನಾಗಿ ಉಚಿತವೂ ಅಲ್ಲ, ಅನುಚಿತವೂ ಅಲ್ಲ. ಕೃತಿಯಲ್ಲಿ ಅದು ನಿಂತಿರುವ ಸ್ಥಾನ ಅದನ್ನು ಗೊತ್ತುಮಾಡುತ್ತದೆ. ಈ ಮಾತನ್ನು ಇಂದಿನ ಪ್ರಶ್ನೆಗೆ ಅನ್ವಯಿಸಿದರೆ, ಬೆತ್ತದೇಟು ಕಥೆಯಲ್ಲಿ ಇದೆಯೇ ಎಂದು ಕೇಳುವುದಕ್ಕೆ ಬದಲಾಗಿ, ಬೆತ್ತದೇಟು ಬಿದ್ದಾಗ ಕೃತಿಯು ಯಾರ ಪಕ್ಕದಲ್ಲಿ ನಿಂತಿದೆ ಎಂದು ಕೇಳಬೇಕಾಗುತ್ತದೆ.

ಹಾಸ್ಯದ ವಿಷಯದಲ್ಲಿ ಭರತನ ವಿವೇಚನೆ ಇನ್ನೂ ನೆರವಾಗುತ್ತದೆ. ನಾಟ್ಯಶಾಸ್ತ್ರವು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಎರಡೆರಡರಂತೆ ಹಂಚಿದೆ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂಬ ಭೇದವನ್ನೂ ಮಾಡಿದೆ. ನಗೆಯ ಕಾರಣಗಳ ಪಟ್ಟಿಯಲ್ಲಿ ವಿಕಾರವಾದ ವೇಷ, ಅಸಂಬದ್ಧ ಮಾತು ಇವುಗಳ ಜೊತೆಗೆ ಅಂಗವಿಕಲತೆಯನ್ನು ನೋಡುವುದನ್ನೂ ಸೇರಿಸಿದೆ. ಎಲ್ಲ ನಗೆಯೂ ಒಂದೇ ಅಲ್ಲ, ಮತ್ತು ನಗೆಗೆ ವಸ್ತುವಾದವನಿಗೆ ನೋವಾಗಬಹುದು ಎಂಬ ಅರಿವಿಗೆ ಈ ವಿಂಗಡಣೆ ದಾರಿ ಮಾಡಿಕೊಡುತ್ತದೆ.

ಇವುಗಳಿಂದ ನಾವು ಎರಡು ಪ್ರಶ್ನೆಗಳನ್ನು ರೂಪಿಸಿಕೊಳ್ಳುತ್ತೇವೆ. ಒಂದು: ಕೃತಿಯ ನಗೆ ಯಾರ ಮೇಲೆ ಬೀಳುತ್ತದೆ, ಬಲವುಳ್ಳವನ ಮೇಲೋ, ಬಲವಿಲ್ಲದವನ ಮೇಲೋ? ಎರಡು: ನಗೆ ಮುಗಿದ ಮೇಲೆ ನೋವುಂಡವನ ಬಳಿ ಕೃತಿಯು ಒಂದು ಕ್ಷಣವಾದರೂ ನಿಲ್ಲುತ್ತದೆಯೋ, ಇಲ್ಲವೆ ಮುಂದಿನ ನಗೆಗೆ ಓಡುತ್ತದೆಯೋ? ಹದಿಹರೆಯದ ಓದುಗನಿಗೆ ಈ ಎರಡೂ ಮುಖ್ಯ. ಏಕೆಂದರೆ ಆ ವಯಸ್ಸಿನಲ್ಲಿ ಗೆಳೆಯರ ಗುಂಪಿನ ನಗೆಯೇ ಒಂದು ಶಿಕ್ಷೆ. ನಗುವವರ ಕಡೆ ಇರುವುದೇ ರಕ್ಷಣೆ. ಆಟದ ಮೈದಾನದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ನಿಜ.

೫

ಮೊದಲನೆಯ ಪ್ರಶ್ನೆಗೆ ನಾರಾಯಣರ ಕೃತಿ ಬಹುಮಟ್ಟಿಗೆ ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಹುಡುಗರು ತಮ್ಮ ತಂಡಕ್ಕೆ ಎಂ. ಸಿ. ಸಿ. ಎಂದು ಹೆಸರಿಡುತ್ತಾರೆ, ಮಾಲ್ಗುಡಿ ಕ್ರಿಕೆಟ್ ಕ್ಲಬ್ ಎಂಬುದು ಅದರ ವಿಸ್ತಾರ. ಆದರೆ ಆ ಮೂರು ಅಕ್ಷರಗಳು ಲಂಡನ್ನಿನ ಮೆರಿಲ್‌ಬೋನ್ ಕ್ಲಬ್ಬಿನವು ಎಂಬುದನ್ನು ಆ ಕಾಲದ ಯಾವ ಓದುಗನೂ ಮರೆಯಲಾರ. ಕಥೆ ನಡೆಯುವುದು ೧೯೩೦ರಲ್ಲಿ. ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ೧೯೩೨ರಲ್ಲಿ. ಟೇಟ್ ೧೯೨೬–೨೭ರಲ್ಲಿ ಅದೇ ಮೆರಿಲ್‌ಬೋನ್ ಕ್ಲಬ್ಬಿನ ತಂಡದೊಡನೆ ಭಾರತಕ್ಕೆ ಬಂದು ಆಡಿದವರು. ವಿದೇಶಿ ಬಟ್ಟೆಯ ಬೆಂಕಿಗೆ ತನ್ನ ಟೋಪಿಯನ್ನು ಎಸೆದ ಹುಡುಗನೇ ಕೆಲವು ತಿಂಗಳಲ್ಲಿ ಆಳುವವರ ಬೌಲರನ ಹೆಸರನ್ನು ಹೆಮ್ಮೆಯಿಂದ ಹೊರುತ್ತಾನೆ. ಇದನ್ನು ಕಥೆಯಲ್ಲಿ ಯಾರೂ ಎತ್ತಿ ಆಡುವುದಿಲ್ಲ, ಲೇಖಕರೂ ಬೆರಳು ಮಾಡಿ ತೋರಿಸುವುದಿಲ್ಲ. ಹುಡುಗನನ್ನು ಇಲ್ಲಿ ಹಂಗಿಸಿಲ್ಲ. ಒಂದು ಕಾಲದ ಒಳವಿರೋಧವನ್ನು ಅವನ ಮೂಲಕ ಮೆಲ್ಲನೆ ತೋರಿಸಿದೆ. ಭರತನ ಮಾತಿನಲ್ಲಿ ಇದು ಸ್ಮಿತ. ದಾಂಡು ಚೆಂಡುಗಳಿಗಾಗಿ ಮದರಾಸಿನ ಅಂಗಡಿಗೆ ಬರೆಯುವ ಗಂಭೀರವಾದ ಪತ್ರಗಳು, ತಂಡಕ್ಕೆ ಸರ್ಕಾರ ತೆರಿಗೆ ಹಾಕೀತೆಂಬ ಭಯ, ಇವೂ ಇದೇ ಜಾತಿಯವು.

ಎರಡನೆಯ ಪ್ರಶ್ನೆಗೆ ಉತ್ತರ ಡಾಕ್ಟರ್ ಕೇಶವನ್ ಅವರ ಪ್ರಸಂಗದಲ್ಲಿದೆ. ಬೋರ್ಡ್ ಹೈಸ್ಕೂಲಿನ ಡ್ರಿಲ್ ತರಗತಿ ಸಂಜೆಯ ಕ್ರಿಕೆಟ್ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆ. ಇಲ್ಲದ ಕಾಯಿಲೆಗೆ ಪ್ರಮಾಣಪತ್ರ ಬೇಡಲು ಸ್ವಾಮಿ ವೈದ್ಯರಲ್ಲಿಗೆ ಹೋಗುತ್ತಾನೆ. ಮುಖ್ಯೋಪಾಧ್ಯಾಯರಿಗೆ ತಾವೇ ಹೇಳುವುದಾಗಿ ವೈದ್ಯರು ನಗುತ್ತ ಮಾತುಕೊಡುತ್ತಾರೆ. ಹುಡುಗ ನಂಬಿ ಡ್ರಿಲ್ಲಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ವೈದ್ಯರು ಹೇಳಿರುವುದಿಲ್ಲ. ಓದುಗನು ಮೊದಲು ನಗುವುದು ಹುಡುಗನ ಉಪಾಯಕ್ಕೆ. ಅನಂತರ ತಿಳಿಯುವುದು, ಆ ದೃಶ್ಯದಲ್ಲಿ ಸುಳ್ಳು ಹೇಳಿದವರು ಇಬ್ಬರು, ಶಿಕ್ಷೆ ಮಾತ್ರ ಒಬ್ಬನಿಗೆ ಎಂಬುದು. ಬೆತ್ತ ಮೇಲೆದ್ದಾಗ ಸ್ವಾಮಿ ಅದನ್ನು ಕಸಿದು ಕಿಟಕಿಯಿಂದಾಚೆಗೆ ಎಸೆದು ಓಡಿಹೋಗುತ್ತಾನೆ. ಅಲ್ಲಿಂದ ಕಥೆಯ ಧ್ವನಿಯೇ ಬದಲಾಗುತ್ತದೆ. ಕಾಡಿನ ರಾತ್ರಿಯಲ್ಲಿ ನಗೆಯಿಲ್ಲ. ಹಿರಿಯರ ಒಂದು ಹಗುರವಾದ ಮಾತು ಮಗುವನ್ನು ಎಲ್ಲಿಗೆ ಕೊಂಡೊಯ್ಯಬಲ್ಲುದು ಎಂಬುದನ್ನು ಕೃತಿ ಪೂರ್ತಿ ತೋರಿಸುತ್ತದೆ. ಮುಖ್ಯೋಪಾಧ್ಯಾಯರ ಮಗನಾಗಿದ್ದ, ಸ್ವತಃ ಕೆಲದಿನ ಉಪಾಧ್ಯಾಯರಾಗಿದ್ದು ಡ್ರಿಲ್ ಮಾಸ್ತರರ ಬದಲಿಗೆ ನಿಲ್ಲಬೇಕೆಂದಾಗ ಕೆಲಸವನ್ನೇ ಬಿಟ್ಟುಬಂದ ಲೇಖಕರ ಬರವಣಿಗೆ ಇದು ಎಂಬುದು ಇಲ್ಲಿ ಸ್ಮರಣೀಯ.

ಪಂದ್ಯದ ವಿಷಯವೂ ಹೀಗೆಯೇ. ಆಟದ ಕಥೆಗಳಿಗೆ ಒಂದು ಸಂಪ್ರದಾಯವುಂಟು: ಎಷ್ಟೇ ಅಡ್ಡಿಗಳು ಬಂದರೂ ನಾಯಕನು ಕೊನೆಯ ಗಳಿಗೆಗೆ ಮೈದಾನವನ್ನು ಸೇರಿ ತಂಡವನ್ನು ಗೆಲ್ಲಿಸುತ್ತಾನೆ. ಇಲ್ಲಿ ಟೇಟ್ ಎನಿಸಿಕೊಂಡವನು ಪಂದ್ಯಕ್ಕೆ ಬರುವುದೇ ಇಲ್ಲ, ತಂಡ ಸೋಲುತ್ತದೆ, ನಾಯಕ ರಾಜಂ ಅವನನ್ನು ಕ್ಷಮಿಸುವುದಿಲ್ಲ. ರಾಜಂನ ತಂದೆಗೆ ವರ್ಗವಾಗಿ, ರೈಲು ಹೊರಡುವ ಹೊತ್ತಿಗೆ ಸ್ವಾಮಿ ಒಂದು ಕಥಾಪುಸ್ತಕವನ್ನು ಕಾಣಿಕೆಯಾಗಿ ತಲುಪಿಸುತ್ತಾನೆ. ಸ್ನೇಹ ಉಳಿಯಿತೋ ಇಲ್ಲವೋ ಎಂಬುದನ್ನು ಕೃತಿ ತಿಳಿಸುವುದಿಲ್ಲ. ಏಳು ವರ್ಷದ ಮಗುವಿಗೆ ಇದು ಕೇವಲ ದುಃಖ. ಹದಿನಾಲ್ಕರ ಹುಡುಗನಿಗೆ ಇದು ತನ್ನದೇ ಅನುಭವ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಓದಿದವರಿಗೆ, ಶಾಲೆಯ ಹುಡುಗರ ಕಥೆಯಲ್ಲಿ ನಗೆಯೂ ಸಂಕಟವೂ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದನ್ನು ಬೇರೆ ಹೇಳಬೇಕಾದುದಿಲ್ಲ.

೬

ಆದರೂ ಕೃತಿ ನಿರ್ದೋಷವಲ್ಲ. ಬೇಸಗೆ ರಜೆಯಲ್ಲಿ ಗೆಳೆಯರು ಮೂವರು ದಾರಿಯಲ್ಲಿ ಒಂದು ಎತ್ತಿನ ಗಾಡಿಯನ್ನು ತಡೆಯುತ್ತಾರೆ. ಗಾಡಿ ಹೊಡೆಯುತ್ತಿದ್ದವನು ಕರುಪ್ಪನ್ ಎಂಬ ಹಳ್ಳಿಯ ಬಾಲಕ. ತಾವು ಸರ್ಕಾರದ ಪೊಲೀಸರೆಂದು ಹೇಳಿ ಅವನನ್ನು ಬೆದರಿಸಿ, ನಡುಗಿಸಿ, ಆಮೇಲೆ ಹೋಗಗೊಡುತ್ತಾರೆ. ಮುಂದಾಳು ರಾಜಂ, ಅವನ ತಂದೆ ನಿಜವಾದ ಪೊಲೀಸ್ ಅಧಿಕಾರಿ. ಕೆಲವು ತಿಂಗಳ ಮೇಲೆ ಆ ತಂದೆಯ ಅಪ್ಪಣೆಯಿಂದ ಬೀಳುವ ಲಾಠಿಯ ಮುನ್ಸೂಚನೆ ಇಲ್ಲಿದೆ ಎಂದು ವಾದಿಸಬಹುದು; ಆ ವಾದದಲ್ಲಿ ಸತ್ಯಾಂಶವೂ ಉಂಟು. ಆದರೆ ಪ್ರಸಂಗದ ನಗೆ ಬೀಳುವುದು ಗಾಡಿಯ ಹುಡುಗನ ಮೇಲೆ. ಅವನ ವಯಸ್ಸು ಇವರಿಗಿಂತ ಹೆಚ್ಚಲ್ಲ. ಇವರಿಗೆ ರಜೆ, ಅವನಿಗೆ ದುಡಿಮೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕೃತಿ ಅವನನ್ನು ಮತ್ತೆ ನೆನೆಯುವುದಿಲ್ಲ.

ಇದೇ ಕೃತಿಯಲ್ಲಿ ಅಜ್ಜಿಯ ಪ್ರಸಂಗವನ್ನು ಹೋಲಿಸಿ ನೋಡಬೇಕು. ಹೊಟ್ಟೆನೋವಿನಿಂದ ನರಳುವ ಅಜ್ಜಿ ಒಂದು ನಿಂಬೆಹಣ್ಣು ತಂದುಕೊಡೆಂದು ಕೇಳುತ್ತಾಳೆ. ಕ್ರಿಕೆಟ್ಟಿನ ಅವಸರದಲ್ಲಿ ಮೊಮ್ಮಗ ಓಡಿಹೋಗುತ್ತಾನೆ. ಆದರೆ ಆಮೇಲೆ ಅವನಿಗೆ ಅಜ್ಜಿಯ ನೆನಪು ಚುಚ್ಚುತ್ತದೆ. ಹಿಂದಿರುಗಿ ಬಂದು ವಿಚಾರಿಸುತ್ತಾನೆ. ಅಲ್ಲಿ ಕೃತಿ ನೋವುಂಡವಳ ಬಳಿ ನಿಂತಿತು. ಕರುಪ್ಪನ್ ಬಳಿ ನಿಲ್ಲಲಿಲ್ಲ. ಅಜ್ಜಿ ಮನೆಯವಳು, ಕರುಪ್ಪನ್ ಹೊರಗಿನವನು ಎಂಬುದೇ ವ್ಯತ್ಯಾಸವಾದರೆ, ಕೃತಿಯ ಅನುಕಂಪಕ್ಕೆ ಒಂದು ಎಲ್ಲೆಯಿದೆ ಎನ್ನದೆ ವಿಧಿಯಿಲ್ಲ. ಅದು ಬಡಾವಣೆಯ ಮಧ್ಯಮವರ್ಗದ ಎಲ್ಲೆ. ಇದನ್ನು ತೋರಿಸಿದರೆ ನಾರಾಯಣರ ಕೀರ್ತಿಗೆ ಕುಂದಿಲ್ಲ. ತೋರಿಸದಿದ್ದರೆ, ಗಾಡಿಯ ಹುಡುಗನ ಮನೆಯಿಂದ ಇಂದು ನಮ್ಮ ತರಗತಿಗೆ ಬಂದು ಕುಳಿತಿರುವ ವಿದ್ಯಾರ್ಥಿಗೆ ಅನ್ಯಾಯ.

ಇಲ್ಲಿ ‘ಟೆಡ್ ಲಾಸೊ’ವನ್ನು ಮತ್ತೆ ನೆನೆಯುವುದು ಉಪಯುಕ್ತ. ಅಲ್ಲಿಯೂ ಒಬ್ಬ ಕರುಪ್ಪನ್ ಇದ್ದಾನೆ: ಆಟಗಾರರ ಉಡುಪುಗಳನ್ನು ನೋಡಿಕೊಳ್ಳುವ ನೇಟ್. ಆರಂಭದಲ್ಲಿ ತಂಡದವರೆಲ್ಲ ಅವನನ್ನು ಪೀಡಿಸಿ ನಗುತ್ತಾರೆ. ಹೊಸ ತರಬೇತುಗಾರ ಅವನ ಹೆಸರು ಕೇಳುವುದೇ ಒಂದು ಘಟನೆಯಾಗುತ್ತದೆ. ಮುಂದೆ ಅವನು ಮೇಲೇರಿದಾಗ, ತಾನು ಉಂಡ ಅವಮಾನವನ್ನೇ ಕೆಳಗಿನವರಿಗೆ ಉಣಿಸುತ್ತಾನೆ. ನಗೆಯ ಸಾಲ ಹೇಗೆ ಬಡ್ಡಿಸಮೇತ ತೀರುತ್ತದೆ ಎಂಬುದನ್ನು ಆ ಧಾರಾವಾಹಿ ಬಿಡದೆ ಹಿಂಬಾಲಿಸುತ್ತದೆ. ಅದರ ಮೊದಲ ಸರಣಿಯೂ ಗೆಲುವಿನಲ್ಲಿ ಅಲ್ಲ, ತಂಡವು ಕೆಳದರ್ಜೆಗೆ ಇಳಿಯುವುದರಲ್ಲಿ ಮುಗಿಯುತ್ತದೆ. ಎಣಿಕೆಯಲ್ಲಿ ನಿಷಿದ್ಧವೆನಿಸಿದ ಕೃತಿ ಈ ಒಂದು ಅಂಶದಲ್ಲಿ ನಿರಪಾಯವೆನಿಸಿದ ಕೃತಿಗಿಂತ ಹೆಚ್ಚು ಜವಾಬ್ದಾರಿಯಿಂದ ನಡೆದುಕೊಂಡಿದೆ. ಹೀಗೆಂದು ಅದನ್ನು ಎಂಟನೆಯ ತರಗತಿಗೆ ತರಬೇಕೆಂದು ನಾವು ಹೇಳುವುದಿಲ್ಲ. ಮುರಿದ ದಾಂಪತ್ಯದ ಕಹಿ, ನಡುವಯಸ್ಸಿನ ಭೀತಿ ಇವು ಅದರ ಹಾಸ್ಯದ ಬೇರುಗಳು. ಆ ಬೇರುಗಳ ಪರಿಚಯವಿಲ್ಲದ ಹದಿಮೂರರ ಹುಡುಗನಿಗೆ ಮೇಲಿನ ಬೈಗುಳ ಮಾತ್ರ ದಕ್ಕುತ್ತದೆ. ಹದಿನಾರು ದಾಟಿದವರಿಗೆ ಅದು ತಕ್ಕುದಾದೀತು.

೭

ಕಾದಂಬರಿಯಿಂದ ದೂರದರ್ಶನಕ್ಕೆ ಬಂದಾಗ ಔಚಿತ್ಯದ ಪ್ರಶ್ನೆ ಇನ್ನೊಂದು ರೂಪವನ್ನು ತಾಳುತ್ತದೆ. ಕಾದಂಬರಿಯಲ್ಲಿ ಸ್ವಾಮಿಗೂ ಓದುಗನಿಗೂ ನಡುವೆ ಒಬ್ಬ ನಿರೂಪಕನಿದ್ದಾನೆ. ಹುಡುಗನ ಚಿಕ್ಕ ಸಂಕಟವನ್ನು ಅವನು ರಾಜ್ಯದ ಗಂಡಾಂತರದಷ್ಟು ಗಂಭೀರವಾಗಿ ಹೇಳುವುದರಿಂದ ನಗೆ ಹುಟ್ಟುತ್ತದೆ, ಜೊತೆಗೆ ಗೌರವವೂ ಹುಟ್ಟುತ್ತದೆ. ಪರದೆಯ ಮೇಲೆ ಆ ಧ್ವನಿಗೆ ಎಡೆಯಿಲ್ಲ. ನಟನ ಮುಖವೇ ಎಲ್ಲವನ್ನೂ ಹೊರಬೇಕು. ಮಂಜುನಾಥರ ಅಭಿನಯ ಆ ಭಾರವನ್ನು ಹೊತ್ತಿತು ಎಂಬುದರಲ್ಲಿ ಸಂದೇಹವಿಲ್ಲ. ಶಂಕರನಾಗ್ ಅವರ ದೊಡ್ಡ ಗುಣವೆಂದರೆ ಹುಡುಗನನ್ನು ಮುದ್ದಿನ ಗೊಂಬೆಯಾಗಿಸದೆ, ಹಟ, ಸುಳ್ಳು, ಭಯ ಇವೆಲ್ಲ ಉಳ್ಳ ಮನುಷ್ಯನನ್ನಾಗಿ ತೋರಿಸಿದುದು.

ನಮಗೆ ಆತಂಕವಿರುವುದು ಕಂತುಗಳ ವಿಷಯದಲ್ಲಿ ಅಲ್ಲ, ಅವುಗಳನ್ನು ಇಂದು ನೋಡುವ ಬಗೆಯಲ್ಲಿ. ೧೯೮೬ರಲ್ಲಿ ಬಾಲಕರಾಗಿದ್ದವರು ಇಂದು ತಂದೆತಾಯಿಗಳು, ಅಧ್ಯಾಪಕರು. ಆಗುಂಬೆಯ ಹಸಿರು, ವೈದ್ಯನಾಥನ್ ಅವರ ರಾಗ, ಲಕ್ಷ್ಮಣರ ರೇಖೆಗಳು ಇವರ ನೆನಪಿನಲ್ಲಿ ಒಂದು ಮಧುರವಾದ ಮಂಜನ್ನು ಹಬ್ಬಿಸಿವೆ. ಆ ಮಂಜಿನಲ್ಲಿ ಬೆತ್ತವೂ ಮಧುರವಾಗಿ ಕಾಣುತ್ತದೆ. ‘ನಮ್ಮ ಕಾಲದಲ್ಲಿ ಹೀಗಿತ್ತು’ ಎಂಬ ಮಾತಿನೊಡನೆ ಮಗನಿಗೆ ಕಂತನ್ನು ತೋರಿಸುವ ತಂದೆ, ಏಟು ತಿನ್ನುವುದು ಬಾಲ್ಯದ ಸೊಗಸುಗಳಲ್ಲಿ ಒಂದೆಂದು ತಿಳಿಯದೆಯೇ ಕಲಿಸುತ್ತಾನೆ. ಕೃತಿ ಹೇಳುವುದು ಇದಕ್ಕೆ ವಿರುದ್ಧವಾದುದನ್ನು. ಎರಡು ಶಾಲೆಗಳಿಂದಲೂ ಸ್ವಾಮಿಯನ್ನು ಓಡಿಸಿದ್ದು ಪಾಠವಲ್ಲ, ಪರೀಕ್ಷೆಯಲ್ಲ, ಬೆತ್ತ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ವಿಧಿ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ೧೯೩೫ರಲ್ಲೇ ಒಂದು ಹಾಸ್ಯಕೃತಿ ಕಾಣಿಸಿದುದನ್ನು ಶಾಸನವು ಎಪ್ಪತ್ತನಾಲ್ಕು ವರ್ಷಗಳ ಮೇಲೆ ಬರೆಯಿತು. ಹೀಗಿರುವಾಗ ಕೃತಿಯನ್ನು ಬೆತ್ತದ ಕಾಲದ ಹಂಬಲಕ್ಕೆ ಸಾಧನವಾಗಿಸುವುದು ಅನೌಚಿತ್ಯದ ಪರಾಕಾಷ್ಠೆ.

೮

ಇಷ್ಟರಿಂದ ನಮ್ಮ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಾಲಸಾಹಿತ್ಯವಲ್ಲ. ಬಾಲಕನನ್ನು ವಸ್ತುವಾಗಿ ಉಳ್ಳ ಪ್ರೌಢ ಹಾಸ್ಯಕೃತಿ. ಅದು ಹದಿಹರೆಯದವರಿಗೆ ತಕ್ಕುದು. ಅದರಲ್ಲಿ ಅಪಾಯಕರವಾದದ್ದು ಏನೂ ಇಲ್ಲ ಎಂಬುದರಿಂದ ಅಲ್ಲ. ಇರುವ ಅಪಾಯವನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತದೆ, ನಗೆಯ ಬೆಲೆಯನ್ನು ಬಹುಮಟ್ಟಿಗೆ ತಾನೇ ತೆರುತ್ತದೆ ಎಂಬುದರಿಂದ. ತೆರದೆ ಉಳಿಸಿರುವ ಕಡೆ ಅಧ್ಯಾಪಕನ ಕೆಲಸ ಆರಂಭವಾಗುತ್ತದೆ. ಏಳೆಂಟು ವರ್ಷದ ಮಕ್ಕಳಿಗೆ ಅದನ್ನು ನಗುವ ಕಥೆಯೆಂದು ತೋರಿಸಿ ಮುಗಿಸುವ ರೂಢಿ ಕೃತಿಗೂ ಹಿತವಲ್ಲ, ಮಕ್ಕಳಿಗೂ ಹಿತವಲ್ಲ. ಎಂಟರಿಂದ ಹತ್ತನೆಯ ತರಗತಿಯ ವರೆಗಿನ ಶಾಲೆಗೆ ನಾವು ‘ಪ್ರೌಢಶಾಲೆ’ಯೆಂದೇ ಹೆಸರಿಟ್ಟಿದ್ದೇವೆ. ಹೆಸರಿನಲ್ಲಿ ಒಪ್ಪಿಕೊಂಡ ಪ್ರೌಢತೆಯನ್ನು ಪಠ್ಯದ ಆಯ್ಕೆಯಲ್ಲಿ ಅಲ್ಲಗಳೆಯುವುದು ಸರಿಯಲ್ಲ.

ಅಧ್ಯಾಪಕಮಿತ್ರರಿಗೆ ನಮ್ಮ ಸೂಚನೆ ಸರಳವಾದುದು. ಕಾದಂಬರಿಯನ್ನಾಗಲಿ ಕಂತುಗಳನ್ನಾಗಲಿ ತರಗತಿಗೆ ತಂದಾಗ ಮೂರು ಸ್ಥಳಗಳಲ್ಲಿ ನಿಲ್ಲುವುದು ಒಳ್ಳೆಯದು. ವೈದ್ಯರ ಪ್ರಸಂಗದಲ್ಲಿ, ತಪ್ಪು ಯಾರದು ಎಂದು ವಿದ್ಯಾರ್ಥಿಗಳನ್ನು ಕೇಳಬೇಕು. ಎಂ. ಸಿ. ಸಿ. ಎಂಬ ಹೆಸರಿನ ಬಳಿ, ಸುಟ್ಟುಹೋದ ಟೋಪಿಯನ್ನು ನೆನಪಿಸಬೇಕು. ಗಾಡಿಯ ಪ್ರಸಂಗದಲ್ಲಿ, ಕರುಪ್ಪನ್ ಮನೆಗೆ ಹೋಗಿ ಈ ಸಂಗತಿಯನ್ನು ಹೇಗೆ ಹೇಳಿರಬಹುದು ಎಂದು ಒಂದು ಪುಟ ಬರೆಯಿಸಬೇಕು. ನಗುವುದನ್ನು ತಡೆಯುವ ಅಗತ್ಯವಿಲ್ಲ. ನಕ್ಕ ಮೇಲೆ ಯಾರನ್ನು ಕುರಿತು ನಕ್ಕೆವೆಂದು ಹಿಂತಿರುಗಿ ನೋಡುವ ಅಭ್ಯಾಸವಾದರೆ ಸಾಕು.

ಇತರ ಧಾರಾವಾಹಿಗಳ ವಿಷಯದಲ್ಲಿಯೂ ಈ ಎರಡು ಪ್ರಶ್ನೆಗಳನ್ನು ಕೇಳಬಹುದು. ವರ್ಗೀಕರಣದ ಅಂಕಿಯನ್ನು ನೋಡಿ ಅಷ್ಟಕ್ಕೇ ನಿಲ್ಲುವ ತಂದೆತಾಯಿಗಳು ಮತ್ತು ಅಧ್ಯಾಪಕರು ತೀರ್ಪನ್ನು ಬೇರೆಯವರ ಕೈಗೆ ಒಪ್ಪಿಸಿದಂತಾಗುತ್ತದೆ. ಅಂಕಿಯು ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರನಷ್ಟೆ. ಒಳಗೆ ಕುಳಿತು ಜೊತೆಯಲ್ಲಿ ನೋಡುವ ಹಿರಿಯನ ಕೆಲಸವನ್ನು ಅದು ಮಾಡಲಾರದು. ಆ ಕೆಲಸಕ್ಕೆ ಕಾವ್ಯಮೀಮಾಂಸೆಯ ಅಲ್ಪಸ್ವಲ್ಪ ಅಭ್ಯಾಸವೂ ನೆರವಾಗುವುದಾದರೆ, ನಮ್ಮ ವಿಭಾಗಗಳಲ್ಲಿ ಅದನ್ನು ಇನ್ನೂ ಬೋಧಿಸುತ್ತಿರುವುದು ಸಾರ್ಥಕ.